ದುಂಡಗೆ ಕುಂತ ಮಕ್ಕಳು ಕಲೀತಾರ
(ಸಂಶಿಯ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ನಮ್ಮ ಸಂಘದ ವಾರದ ಸಭೆಯಲ್ಲಿ ನಾವು ಹೇಗೆ ಕೂಡುತ್ತೇವೆ? ದುಂಡಗೆ. ನಡುವೆ ಉಳಿತಾಯದ ಪುಸ್ತಕ. ಒಬ್ಬರ ಮುಖ ಒಬ್ಬರಿಗೆ ಕಾಣಬೇಕು, ಲೆಕ್ಕ ಎಲ್ಲರಿಗೂ ತಿಳೀಬೇಕು. ಸಾಲಾಗಿ ಕುಂತರೆ ಮುಂದಿನವರು ಮಾತಾಡ್ತಾರ, ಹಿಂದಿನವರು ಸುಮ್ನ ತಲಿ ಅಲ್ಲಾಡಸ್ತಾರ. ಮಕ್ಕಳಿಗೂ ಹಾಗೆಯೇ.

ನಮ್ಮಲ್ಲಿ ಹಲವರು ಕೇಳುವುದುಂಟು: “ಸಾಲಿಗೆ ಹೋಗಿ ನೋಡಿದರ ಮಕ್ಕಳು ಗುಂಪು ಗುಂಪಾಗಿ ಕುಂತು ಕಾರ್ಡು ಹಿಡಕೊಂಡು ಆಡ್ತಾವ. ಪಾಠ ಯಾವಾಗ ಕಲೀತಾವ್ರಿ?” ಈ ಅನುಮಾನದಿಂದಲೇ ಕೆಲವರು ಸಂಘದ ಸಾಲ ತೆಗೆದು ಮಕ್ಕಳನ್ನು ಪಟ್ಟಣದ ಫೀ ಶಾಲೆಗೆ ಕಳಿಸುತ್ತಾರೆ. ಸಾಲ ಮಾಡುವ ಮೊದಲು ಇದನ್ನು ತಿಳಿಯೋಣ.

ಈ ಪದ್ಧತಿಯ ಹೆಸರು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಯಿತು. ಅಲ್ಲಿಯ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಇದನ್ನು ಕಟ್ಟಿದರು. 2009-10ರಲ್ಲಿ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು.

ಇದರಲ್ಲಿ ಕೋಣೆಯ ಜೋಡಣೆಯೇ ಅರ್ಧ ಪಾಠ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಐದು ಗುಂಪಾಗಿ ಕೂಡುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಸ್ವಲ್ಪ ಸಹಾಯ. ಎರಡು ಗುಂಪುಗಳಲ್ಲಿ ಬಲ್ಲ ಮಗು ಇನ್ನೊಂದು ಮಗುವಿಗೆ ಹೇಳಿಕೊಡುತ್ತದೆ. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಕಲಿಕೆ ಮುಂದುವರಿದಂತೆ ಮಗು ಗುಂಪು ಬದಲಿಸುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವ ಕಪ್ಪು ಹಲಗೆ. ಅಲ್ಲಿ ಪ್ರತಿ ಮಗುವಿಗೂ ಬರೆಯಲು ಜಾಗ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ. ಮಕ್ಕಳ ಚಿತ್ರ, ಬರಹ ಅಲ್ಲಿ ತೂಗುತ್ತವೆ. ಗೋಡೆಗೆ ಕಲಿಕೆಯ ಏಣಿ. ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆಂದು ಮಗುವೇ ನೋಡಿಕೊಳ್ಳಬಹುದು. ಸುಗ್ಗಿಗೆ ಹೊಲಕ್ಕೆ ಹೋಗಿ ನಾಲ್ಕು ದಿನ ತಪ್ಪಿಸಿದ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗಬಹುದು. ಸಾಲಿನ ಹಿಂದಿನ ಬೆಂಚಿನಲ್ಲಿ ಆ ಮಗು ಕಳೆದೇ ಹೋಗುತ್ತಿತ್ತು.

ಆದರೆ ಬರೀ ದುಂಡಗೆ ಕೂಡಿಸಿದರೆ ಪಾಠ ಬರುವುದಿಲ್ಲ. ಮಕ್ಕಳು ಹೆಚ್ಚಿದ್ದು ಶಿಕ್ಷಕರು ಒಬ್ಬರೇ ಇದ್ದರೆ ಐದು ಗುಂಪು ನೋಡುವುದು ಕಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಕಿರಿಯ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ನಮ್ಮದು ಎರಿ ಮಣ್ಣಿನ ಊರು. ಮಳೆಗಾಲದಾಗ ಕಾಲಿಗೆ ಹತ್ತಿದ ಕೆಸರು ಒಳಗೆ ಬಂದರೆ ನೆಲದ ಮೇಲೆ ಕೂಡೋದು ಹ್ಯಾಂಗ? ಮಾಳಿಗೆ ಸೋರಿದರೆ ಕಾರ್ಡು ಉಳಿಯೋದಿಲ್ಲ.

ಇಲ್ಲಿ ನಮ್ಮ ಕೆಲಸ ಶುರುವಾಗುತ್ತದೆ. ಅದೇ ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಎಸ್.ಡಿ.ಎಂ.ಸಿ. ಸಭೆಗೆ ಹೋಗಿ ಬರೀ ಸಹಿ ಮಾಡಿ ಬರೋದು ಬ್ಯಾಡ. ಇವನ್ನು ಕೇಳೋಣ:

• ಬಾಗಿಲಲ್ಲಿ ಕಾಲು ತೊಳೆಯಲು ನೀರು ಇದೆಯೇ? ಕೂಡಲು ಒಣ ಚಾಪೆ ಇದೆಯೇ?
• ಗೋಡೆಯ ಹಲಗೆಯಲ್ಲಿ ಮಕ್ಕಳು ಬರೆಯುತ್ತಾರೆಯೇ, ಇಲ್ಲ ಮುಂದೆ ಸಾಮಾನು ಒಟ್ಟಿದ್ದಾರೆಯೇ?
• ಕಣ್ಣು, ಕಿವಿ ಮಂದವಿರುವ ಮಗು ಎಲ್ಲಿ ಕೂಡುತ್ತದೆ?
• ಮೇಲಿನ ತರಗತಿಗಳಲ್ಲಿ ಗುಂಪಿನ ಕೆಲಸಕ್ಕೆ ಎರಡು ಬೆಂಚು ಎದುರು-ಬದುರು ಇಡಬಹುದೇ? ಇದಕ್ಕೆ ರೊಕ್ಕ ಬೇಕಿಲ್ಲ.

ಮನೆಯಲ್ಲಿಯೂ ಬೆಳಕು ಬೀಳುವ ಒಂದು ಮೂಲೆ ಮಕ್ಕಳಿಗೆ ಬಿಡೋಣ. ಅಕ್ಕ, ತಮ್ಮ ಜೋಡಿ ಕುಂತು ಓದಲಿ. ಹೇಳಿಕೊಟ್ಟವರಿಗೂ ಪಾಠ ಗಟ್ಟಿಯಾಗುತ್ತದೆ.

ಮುಂದಿನ ಸಭೆಯೊಳಗೆ ಪ್ರತಿ ಸಂಘದಿಂದ ಇಬ್ಬರು ಶಾಲೆಗೆ ಹೋಗಿ ಬರ್ರಿ. ಶಿಕ್ಷಕರೊಂದಿಗೆ ಜಗಳ ಬೇಡ, ಒಂದು ತಾಸು ಕುಳಿತು ನೋಡಿರಿ. ಕಂಡದ್ದನ್ನು ಸಂಘದ ಪುಸ್ತಕದಲ್ಲಿ ಬರೆಯೋಣ, ನಂತರ ಒಟ್ಟಿಗೆ ಎಸ್.ಡಿ.ಎಂ.ಸಿ.ಗೆ ಕೊಡೋಣ.