ಊರಿಗೆ ಎಷ್ಟು ಹೊತ್ತಿನ ದಾರಿ?

ಮುಂಬಯಿಯಿಂದ ಊರಿಗೆ ವಿಮಾನದಲ್ಲಿ ಹೋಗುವ ಬಗ್ಗೆ ಮಾತಾಡಲು ಹೇಳಿದ್ದೀರಿ. ಇಲ್ಲಿರುವ ಹೆಚ್ಚಿನವರು ಕರಾವಳಿಯವರು, ಹಾಗಾಗಿ ಮಂಗಳೂರನ್ನೇ ತೆಗೆದುಕೊಳ್ಳುತ್ತೇನೆ.

ಮುಂಬಯಿ, ಮಂಗಳೂರು ವಿಮಾನ ನಿಲ್ದಾಣಗಳ ಅಂತರ ಎಷ್ಟೆಂದು ಮೊಬೈಲಿನಲ್ಲಿ ಹುಡುಕಿದರೆ ಸುಮಾರು 710 ಕಿ.ಮೀ. ಎಂದು ಬರುತ್ತದೆ. ಇದು ಎರಡೂ ಕಡೆಯ ಅಕ್ಷಾಂಶ, ರೇಖಾಂಶ ಹಿಡಿದು, ಭೂಮಿ ದುಂಡಗಿರುವುದನ್ನೂ ಸೇರಿಸಿ ಲೆಕ್ಕ ಹಾಕಿದ ಅತಿ ಹತ್ತಿರದ ದಾರಿ. ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಎಳೆದ ಹಾಗೆ. ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 800 ಕಿ.ಮೀ. ಹೋಗುತ್ತದೆ. ಭಾಗಿಸಿದರೆ 53 ನಿಮಿಷ. ಟಿಕೆಟಿನಲ್ಲಿ ಮಾತ್ರ ಒಂದೂವರೆ, ಒಂದೂಮುಕ್ಕಾಲು ಗಂಟೆ!

ಟಿಕೆಟಿನ ಸಮಯ ಬರೀ ಹಾರಾಟದ್ದಲ್ಲ. ವಿಮಾನ ಇಲ್ಲಿ ನಿಂತ ಜಾಗ ಬಿಟ್ಟಲ್ಲಿಂದ ಅಲ್ಲಿ ಹೋಗಿ ನಿಲ್ಲುವ ತನಕದ್ದು. ಮುಂಬಯಿಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಎರಡನ್ನೂ ಒಟ್ಟಿಗೆ ಬಳಸಲಾಗುವುದಿಲ್ಲ. ಆದ್ದರಿಂದ ಸಾಲು. ಏರುವಾಗ, ಇಳಿಯುವಾಗ ವೇಗ ಕಡಿಮೆ. ಮಂಗಳೂರಿನ ರನ್‌ವೇ ಗುಡ್ಡದ ತಲೆಯ ಮೇಲಿದೆ. ಆಟಿಯ ಮಳೆಯಲ್ಲಿ ಮೋಡ ಕವಿದರೆ ಸುತ್ತು ಹೊಡೆಯುತ್ತಾರೆ, ಕೆಲವೊಮ್ಮೆ ಬೇರೆ ಊರಿಗೇ ಒಯ್ಯುತ್ತಾರೆ. ಬೈಯಬೇಡಿ, ಅವರು ಮಾಡುವುದು ಸರಿ.

ಆದರೆ ನಾನು ಹೇಳಬೇಕಾದ್ದು ಇದಲ್ಲ. ನನ್ನ ದೊಡ್ಡಮ್ಮ ಕುಂದಾಪುರದಲ್ಲಿ ತೀರಿಕೊಂಡಾಗ ಡೊಂಬಿವಲಿಯಲ್ಲಿರುವ ಅಕ್ಕನಿಗೆ ಬೆಳಗ್ಗೆ ಆರಕ್ಕೆ ಫೋನ್ ಬಂತು. "ವಿಮಾನ ಒಂದೂವರೆ ಗಂಟೆ ಅಲ್ವಾ, ಮಧ್ಯಾಹ್ನದೊಳಗೆ ಬರ್ತಾಳೆ" ಎಂದು ಅಲ್ಲಿ ಯಾರೋ ಲೆಕ್ಕ ಹಾಕಿದರು. ಅಕ್ಕ ಮನೆ ಮುಟ್ಟಿದ್ದು ಸಂಜೆ ನಾಲ್ಕೂವರೆಗೆ. ಎರಡು ಗಂಟೆಗೇ ಎಲ್ಲ ಮುಗಿದಿತ್ತು. ಮಗನಾಗಿದ್ದರೆ ಕಾಯುತ್ತಿದ್ದರು ಅನ್ನುವುದು ಬೇರೆ ಮಾತು. ಬೇರೆ ಮಾತೇನೂ ಅಲ್ಲ ಬಿಡಿ, ಅದೇ ಮಾತು.

ಅಕ್ಕನ ಆ ದಿನ ಹೀಗಿತ್ತು. ಟಿಕೆಟ್ ಸಿಕ್ಕಿ ಹೊರಡಲು ಒಂದು ಗಂಟೆಗೂ ಮೇಲೆ. ಡೊಂಬಿವಲಿಯಿಂದ ವಿಮಾನ ನಿಲ್ದಾಣಕ್ಕೆ ಎರಡು ಗಂಟೆ. ಅಲ್ಲಿ ಚೆಕ್-ಇನ್, ತಪಾಸಣೆ, ಕಾಯುವುದು ಎಲ್ಲ ಸೇರಿ ಇನ್ನೆರಡು. ವಿಮಾನದ್ದು ಒಂದೂಮುಕ್ಕಾಲು. ಹೊರಗೆ ಬಂದು ಕಾರು ಹಿಡಿಯಲು ಅರ್ಧ. ಅಲ್ಲಿಂದ ಕುಂದಾಪುರಕ್ಕೆ ಹತ್ತಿರ ಹತ್ತಿರ ನೂರು ಕಿ.ಮೀ. ರಸ್ತೆ, ಎರಡೂವರೆ ಗಂಟೆಗೆ ಕಡಿಮೆಯಿಲ್ಲ. ಇದರಲ್ಲಿ ಕಡಿಮೆ ಮಾಡುವಂಥದ್ದು ಏನೂ ಇಲ್ಲ.

ಹಾಗಾಗಿ ಊರಿನವರಿಗೆ ಯಾವತ್ತೂ ವಿಮಾನದ ಸಮಯ ಹೇಳಬೇಡಿ, ಮನೆ ಬಾಗಿಲಿಗೆ ಮುಟ್ಟುವ ಸಮಯ ಹೇಳಿ. "ಹತ್ತು ಗಂಟೆ ಬೇಕು, ನಾನು ಬರುವ ತನಕ ಇಟ್ಟುಕೊಳ್ಳಿ" ಎಂದು ಬಾಯಿಬಿಟ್ಟು ಹೇಳಿ. ಫೋನ್ ರಾತ್ರಿ ಬಂದರೆ ಮುಂದಿನ ವಿಮಾನಕ್ಕೆ ಕಾಯುವ ಹೊತ್ತನ್ನೂ ಕೂಡಿಸಿ. ಆಗ ಕುಂದಾಪುರ, ಉಡುಪಿಯವರಿಗೆ ಕೆಲವೊಮ್ಮೆ ಕೊಂಕಣ ರೈಲೇ ವಾಸಿ; 1998ರಿಂದ ಆ ಅನುಕೂಲ ನಮಗಿದೆ. ಸೀಟು ಸಿಗುವುದು ಮಾತ್ರ ಪುಣ್ಯ, ಮಳೆಗಾಲದ ವೇಳಾಪಟ್ಟಿಯಲ್ಲಿ ರೈಲು ಇನ್ನೂ ನಿಧಾನ. ಕಾರವಾರದವರು ಮಂಗಳೂರು ಬಿಟ್ಟು ಗೋವಾಕ್ಕೆ ಇಳಿಯಿರಿ.

ಪ್ರತಿಯೊಬ್ಬರ ಲೆಕ್ಕ ಬೇರೆ. ಇಲ್ಲಿ ಮನೆ ಎಲ್ಲಿ, ಅಲ್ಲಿ ತವರು ಎಲ್ಲಿ ಎಂದು ಹೇಳಿ, ಚಹಾ ಹೊತ್ತಿನಲ್ಲಿ ಕೂತು ಹಾಕಿಕೊಡುತ್ತೇನೆ. ಕಾಗದ, ಪೆನ್ನು ತಂದಿದ್ದೇನೆ.