ರೋಲರ್ ಬಿಟ್ಟುಹೋದ ಉಬ್ಬುಗಳು

ಮನೆಯ ಗೋಡೆಗೆ ರೋಲರ್‌ನಲ್ಲಿ ಬಣ್ಣ ಹೊಡೆಯುವುದನ್ನು ನೀವೆಲ್ಲ ನೋಡಿರುತ್ತೀರಿ. ಅದೇ ರೋಲರ್ ಹಿಡಿದು ಒಂದು ಇಡೀ ವ್ಯಾನಿಗೆ ಬಣ್ಣ ಹೊಡೆಯುತ್ತೇನೆ ಅಂದರೆ ಗ್ಯಾರೇಜಿನವರು ನಕ್ಕುಬಿಟ್ಟಾರು. ಗಾಡಿ ಅಂದಮೇಲೆ ಸ್ಪ್ರೇ ಪೇಂಟೇ ಆಗಬೇಕು ಅನ್ನುವುದು ಅವರ ವಾದ. ಆದರೂ ಇಂಗ್ಲೆಂಡಿನಲ್ಲಿ ಬೇಸಿಗೆ ಬಂತೆಂದರೆ ಕೆಲವರ ಮನೆಯಂಗಳದಲ್ಲಿ ಇದೇ ಕೆಲಸ ನಡೆದಿರುತ್ತದೆ. ಒಂದು ಹಳೆಯ ಕ್ಯಾಂಪರ್ ವ್ಯಾನ್, ಒಂದು ಡಬ್ಬ ಎನಾಮಲ್ ಪೇಂಟ್, ಅಂಗೈಯಗಲದ ಸ್ಪಂಜಿನ ರೋಲರ್.

ಕ್ಯಾಂಪರ್ ವ್ಯಾನ್ ಎಂದರೆ ಒಳಗೇ ಮಲಗಲು ಹಾಸಿಗೆ, ಚಹಾ ಕಾಯಿಸಲು ಪುಟ್ಟ ಒಲೆ, ಪಾತ್ರೆ ಇಡಲು ಕಪಾಟು ಎಲ್ಲ ಇರುವ ಗಾಡಿ. ಅವುಗಳಲ್ಲಿ ಹೆಸರಾದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನು. ಬೆನ್ ಪಾನ್ ಎಂಬ ಡಚ್ ವ್ಯಾಪಾರಿ 1947ರಲ್ಲಿ ತನ್ನ ನೋಟ್‌ಬುಕ್ಕಿನಲ್ಲಿ ಅದರ ಆಕಾರವನ್ನು ಗೀಚಿದ; 1950ರಲ್ಲಿ ಕಾರ್ಖಾನೆಯಲ್ಲಿ ತಯಾರಿ ಶುರುವಾಯಿತು. ಬ್ರೆಜಿಲ್‌ನಲ್ಲಂತೂ ಅದರದೇ ವಂಶದ ವ್ಯಾನುಗಳು 2013ರವರೆಗೂ ತಯಾರಾದವು. ಮೇಲೆ ಬಿಳಿ, ಕೆಳಗೆ ನೀಲಿಯೋ ಕೆಂಪೋ ಹಸಿರೋ, ಹೀಗೆ ಎರಡು ಬಣ್ಣದ ವ್ಯಾನುಗಳೇ ಜನರ ಕಣ್ಣಲ್ಲಿ ಉಳಿದಿರುವುದು. ಬಿಳಿ ಛಾವಣಿ ಚೆಂದಕ್ಕೂ ಆಯಿತು, ಬಿಸಿಲನ್ನು ಹಿಂದಕ್ಕೆ ಕಳಿಸಿ ಒಳಗೆ ಮಲಗಿದವರನ್ನು ತಂಪಾಗಿಡುವುದಕ್ಕೂ ಆಯಿತು.

ಈಗ ಅಂಥ ಒಂದು ಹಳೇ ವ್ಯಾನಿನ ಬಾಗಿಲ ಮೇಲೆ ಕೈಯಾಡಿಸಿ ನೋಡೋಣ. ಬೆರಳಿಗೆ ಬಿಳಿಚಿದ ಪುಡಿ ಮೆತ್ತಿಕೊಳ್ಳುತ್ತದೆ. ಅದು ಬರಿಯ ಧೂಳಲ್ಲ, ಬಣ್ಣವೇ. ಪೇಂಟಿನಲ್ಲಿ ಬಣ್ಣದ ಪುಡಿ ಬೇರೆ, ಅದನ್ನು ಹಿಡಿದಿಡುವ ಅಂಟು ಬೇರೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ವರ್ಷಗಟ್ಟಲೆ ಬಡಿದೂ ಬಡಿದೂ ಅಂಟನ್ನು ಮುರಿದುಹಾಕುತ್ತವೆ. ಹಿಡಿದುಕೊಳ್ಳುವವರಿಲ್ಲದೆ ಪುಡಿ ಉದುರುತ್ತದೆ.

ಇನ್ನು ಕೆಳಗೆ, ಚಕ್ರದ ಹತ್ತಿರ ಬನ್ನಿ. ಬಣ್ಣ ಅಲ್ಲಲ್ಲಿ ಊದಿಕೊಂಡಿದೆ. ಉಗುರಿನಿಂದ ಒತ್ತಿದರೆ ಕರಕ್ಕೆಂದು ಒಡೆದು ಒಳಗಿಂದ ಕಂದು ಪುಡಿ ಬೀಳುತ್ತದೆ. ತುಕ್ಕು! ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಸಿಕ್ಕರೆ ತುಕ್ಕು ಹುಟ್ಟುತ್ತದೆ. ತುಕ್ಕಿಗೆ ತಾನು ತಿಂದ ಕಬ್ಬಿಣಕ್ಕಿಂತ ಕೆಲವು ಪಟ್ಟು ಹೆಚ್ಚು ಜಾಗ ಬೇಕು. ಅದಕ್ಕೇ ಅದು ಬಣ್ಣವನ್ನು ಒಳಗಿನಿಂದ ಎಬ್ಬಿಸುವುದು. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ರಸ್ತೆಯ ಮಂಜುಗಡ್ಡೆ ಕರಗಲಿ ಎಂದು ಉಪ್ಪು ಎರಚುತ್ತಾರೆ. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ತುಕ್ಕು ಹಿಡಿಯುವುದೂ ಒಂದು ಬಗೆಯ ವಿದ್ಯುತ್ ವ್ಯವಹಾರವೇ, ಹಾಗಾಗಿ ಉಪ್ಪು ತಗುಲಿದಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಮಂಗಳೂರು, ಕಾರವಾರದ ಕಡೆ ಕಿಟಕಿ ಗ್ರಿಲ್ಲುಗಳು ಬೇಗ ಹಾಳಾಗುವುದಕ್ಕೂ ಸಮುದ್ರದ ಉಪ್ಪುಗಾಳಿಯೇ ಕಾರಣ.

ತುಕ್ಕನ್ನು ಪೂರ್ತಿ ಕೆರೆದು ತೆಗೆದು ಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೂ ಮುಂಚಿನ ಅಡಿಪದರ, ಹಚ್ಚುತ್ತಾರೆ. ಗ್ರಿಲ್ಲಿಗೆ ಹಚ್ಚುವ ರೆಡ್ ಆಕ್ಸೈಡ್ ಗೊತ್ತಲ್ಲ, ಅದೂ ಪ್ರೈಮರೇ. ಅದರ ಕೆಂಪು ಪುಡಿ ಕೂಡ ಕಬ್ಬಿಣದ ಆಕ್ಸೈಡೇ, ಅಂದರೆ ತುಕ್ಕಿನ ಹತ್ತಿರದ ನೆಂಟ. ಹಳೆಯ ಮನೆಗಳ ನುಣುಪಾದ ಕೆಂಪು ನೆಲದಲ್ಲಿರುವುದೂ ಅದೇ. ಆ ಪುಡಿ ಆಗಲೇ ಆಮ್ಲಜನಕವನ್ನು ಸೇರಿಸಿಕೊಂಡು ಕೂತಿರುವುದರಿಂದ ಮತ್ತೆ ತುಕ್ಕು ಹಿಡಿಯುವ ಮಾತೇ ಇಲ್ಲ.

ಆಮೇಲೆ ಇಡೀ ಗಾಡಿಯನ್ನು ವಾಟರ್ ಪೇಪರಿನಿಂದ ಉಜ್ಜಬೇಕು. ಚೆನ್ನಾಗಿರುವ ಜಾಗವನ್ನೂ ಬಿಡುವಂತಿಲ್ಲ. ಹೊಳೆಯುವ ಮೇಲ್ಮೈಯಲ್ಲಿ ಹೊಸ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಸಣ್ಣ ಗೀರುಗಳಿದ್ದರೆ ಬಣ್ಣ ಒಳಗೆ ಇಳಿದು ಕಚ್ಚಿಕೊಳ್ಳುತ್ತದೆ. ನೀರು ಹಾಕಿಯೇ ಉಜ್ಜುವುದಕ್ಕೂ ಕಾರಣವಿದೆ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು, ಅದರ ಧೂಳು ಒಳಗೆ ಹೋದರೆ ವಿಷ, ಮಕ್ಕಳಿಗಂತೂ ಹೆಚ್ಚು. ಈ ಕೆಲಸ ದೊಡ್ಡವರದು, ಅದೂ ಮಾಸ್ಕ್ ಹಾಕಿಕೊಂಡು. ನೀವು ದೂರದಲ್ಲಿ ನಿಂತು ನೋಡಿದರೆ ಸಾಕು.

ಈಗ ಬಂತು ರೋಲರ್ ಸರದಿ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ರೋಲರ್ ಉರುಳುವುದನ್ನಲ್ಲ, ಉರುಳಿಹೋದ ನಂತರದ ಕೆಲವು ನಿಮಿಷಗಳನ್ನು. ರೋಲರ್ ಬಾಗಿಲ ತಗಡಿನಿಂದ ಏಳುವಾಗ ಬಣ್ಣವನ್ನು ಸ್ವಲ್ಪ ಎಳೆದುಕೊಂಡು ಏಳುತ್ತದೆ. ಬಣ್ಣ ಸಣ್ಣ ದಾರಗಳಾಗಿ ಜಗ್ಗಿ, ತುಂಡಾಗಿ, ಸಾವಿರಾರು ಪುಟ್ಟ ಉಬ್ಬುಗಳನ್ನು ಬಿಟ್ಟುಹೋಗುತ್ತದೆ. ಸ್ಪಂಜಿನೊಳಗಿನ ಗಾಳಿಯೂ ಸೇರಿ ಅಲ್ಲಲ್ಲಿ ಗುಳ್ಳೆ ಏಳುತ್ತದೆ. ನೋಡಿದರೆ ಕಿತ್ತಳೆ ಸಿಪ್ಪೆ! ಇಷ್ಟೆಲ್ಲ ಕಷ್ಟಪಟ್ಟು ಕೊನೆಗೆ ಇದೇನಾ ಅನ್ನಿಸುತ್ತದೆ. ಸ್ವಲ್ಪ ತಾಳಿ. ಗುಳ್ಳೆಗಳು ಒಂದೊಂದಾಗಿ ಒಡೆಯುತ್ತವೆ. ಉಬ್ಬುಗಳು ತಗ್ಗುತ್ತಾ ಬರುತ್ತವೆ. ಮೊದಲು ಮಸುಕಾಗಿ ಕಾಣುತ್ತಿದ್ದ ಮರದ ಪ್ರತಿಬಿಂಬಕ್ಕೆ ಬಾಗಿಲಿನಲ್ಲಿ ಕೊಂಬೆ ಮೂಡುತ್ತದೆ, ಆಮೇಲೆ ಎಲೆ.

ಉಬ್ಬುಗಳನ್ನು ಕೆಳಗೆಳೆದದ್ದು ಯಾರು? ಭೂಮಿಯ ಗುರುತ್ವ ಅಂತೀರಾ? ಬಾಗಿಲು ನೆಟ್ಟಗೆ ನಿಂತಿದೆ. ಗುರುತ್ವ ಬಣ್ಣವನ್ನು ನೆಲದ ಕಡೆಗೆ ಎಳೆದೀತೇ ಹೊರತು ಉಬ್ಬನ್ನು ತಗಡಿನ ಕಡೆಗೆ ಒತ್ತಲಾರದು. ಕೆಲಸ ಮಾಡಿದ್ದು ಮೇಲ್ಮೈ ಸೆಳೆತ. ಯಾವ ದ್ರವವೂ ತನ್ನ ಮೇಲ್ಮೈಯನ್ನು ಆದಷ್ಟು ಕಿರಿದು ಮಾಡಿಕೊಳ್ಳಲು ನೋಡುತ್ತದೆ. ಉಬ್ಬುತಗ್ಗಿನ ಮೇಲ್ಮೈಗಿಂತ ಸಪಾಟಾದ ಮೇಲ್ಮೈ ಕಿರಿದು. ಹಾಗಾಗಿ ಉಬ್ಬಿನ ಬಣ್ಣ ತಗ್ಗಿನ ಕಡೆ ಹರಿಯುತ್ತದೆ.

1960ರ ದಶಕದ ಆರಂಭದಲ್ಲಿ ಆರ್ಚರ್ಡ್ ಎಂಬ ವಿಜ್ಞಾನಿ ಈ ಹರಿವಿನ ಲೆಕ್ಕ ಹಾಕಿದ. ಅದರಲ್ಲಿ ಒಂದು ಬೆರಗಿನ ಸಂಗತಿ ಇದೆ. ಉಬ್ಬಿನಿಂದ ಉಬ್ಬಿಗೆ ಇರುವ ದೂರ ಎರಡು ಪಟ್ಟಾದರೆ ಅವು ಸಮವಾಗಲು ಬೇಕಾದ ಸಮಯ ಎರಡು ಪಟ್ಟಲ್ಲ, 16 ಪಟ್ಟು! ಉದ್ದ ಕೂದಲಿನ ರೋಲರ್ ದೂರದೂರಕ್ಕೆ ದೊಡ್ಡ ಉಬ್ಬು ಬಿಡುತ್ತದೆ, ಸಣ್ಣ ರಂಧ್ರದ ಸ್ಪಂಜಿನ ರೋಲರ್ ಒತ್ತೊತ್ತಾಗಿ ಸಣ್ಣ ಉಬ್ಬು ಬಿಡುತ್ತದೆ. ಗಾಡಿಗೆ ಸ್ಪಂಜೇ ಬೇಕು ಎಂದು ಹಟ ಹಿಡಿಯುವವರು ಲೆಕ್ಕ ಗೊತ್ತಿಲ್ಲದೆಯೂ ಸರಿಯಾಗಿಯೇ ಹೇಳುತ್ತಾರೆ.

ಬಣ್ಣದ ಪದರದ ದಪ್ಪ ಅರ್ಧವಾದರೆ ಸಮವಾಗಲು ಹಿಡಿಯುವ ಕಾಲ 8 ಪಟ್ಟಾಗುತ್ತದೆ ಎನ್ನುವುದೂ ಅದೇ ಲೆಕ್ಕದಲ್ಲಿದೆ. ಹಾಗಾದರೆ ದಪ್ಪಗೆ ಬಳಿದರಾಯಿತಲ್ಲ? ಆಗ ಗುರುತ್ವ ಸುಮ್ಮನಿರುವುದಿಲ್ಲ. ದಪ್ಪ ಎರಡು ಪಟ್ಟಾದರೆ ಬಣ್ಣ ಕೆಳಗೆ ಜಾರುವ ವೇಗ 4 ಪಟ್ಟಾಗಿ, ಬಾಗಿಲ ತುಂಬ ಕಣ್ಣೀರು ಇಳಿದ ಹಾಗೆ ಗೆರೆಗಳು ಬೀಳುತ್ತವೆ. ಅದಕ್ಕೆ ಬಲ್ಲವರು ಬಣ್ಣಕ್ಕೆ ಒಂದಿಷ್ಟು ಥಿನ್ನರ್ ಬೆರೆಸಿ ನೀರಾಗಿಸಿಕೊಳ್ಳುತ್ತಾರೆ. ಬಣ್ಣ ಸಲೀಸಾಗಿ ಹರಿದು ಬೇಗ ಸಮವಾಗುತ್ತದೆ. ಹರಿದಾದ ಮೇಲೆ ಥಿನ್ನರ್ ಆವಿಯಾಗಿ ಹೋಗುತ್ತದೆ, ಬಣ್ಣ ಗಟ್ಟಿಯಾಗುತ್ತದೆ, ಇಳಿಯುವುದು ನಿಲ್ಲುತ್ತದೆ. ಸುಡುಬಿಸಿಲಿನಲ್ಲಿ ಬಳಿದರೆ ಕಾದ ತಗಡಿನ ಮೇಲೆ ಥಿನ್ನರ್ ಬೇಗ ಹಾರಿಹೋಗಿ ಉಬ್ಬುಗಳು ಇದ್ದಲ್ಲೇ ಸೆಟೆದು ನಿಲ್ಲುತ್ತವೆ. ಸಂಜೆ ತಡಮಾಡಿ ಬಳಿದರೆ ತಣ್ಣಗಾದ ತಗಡಿನ ಮೇಲೆ ಇಬ್ಬನಿ ಕೂತು ಹೊಳಪು ಮಾಯ. ನೆರಳು ಬೇಕು, ತೀರ ಚಳಿ ಇರಬಾರದು, ಗಾಳಿ ಜೋರಿರಬಾರದು. ಇಷ್ಟೆಲ್ಲ ಕೂಡಿಬಂದ ದಿನವೇ ಒಂದು ನೊಣ ಬಂದು ಒದ್ದೆ ಬಣ್ಣದಲ್ಲಿ ಕಾಲಿಡುತ್ತದೆ, ಅದಕ್ಕೆ ಯಾವ ಸೂತ್ರವೂ ಇಲ್ಲ.

ಥಿನ್ನರ್ ಹೋದರೆ ಬಣ್ಣ ಒಣಗಿತು ಎಂದುಕೊಳ್ಳಬೇಡಿ. ಒದ್ದೆ ಬಟ್ಟೆ ಒಣಗುವುದೇ ಬೇರೆ, ಎನಾಮಲ್ ಗಟ್ಟಿಯಾಗುವುದೇ ಬೇರೆ. ಬಟ್ಟೆಯಿಂದ ನೀರು ಹೊರಟುಹೋಗುತ್ತದೆ, ಅಷ್ಟೆ. ಎನಾಮಲ್ ಮಾತ್ರ ಗಾಳಿಯಿಂದ ಆಮ್ಲಜನಕವನ್ನು ಒಳಗೆ ತೆಗೆದುಕೊಳ್ಳುತ್ತದೆ. ಅದರ ಅಂಟನ್ನು ಅಗಸೆ ಎಣ್ಣೆ, ಸೋಯಾ ಎಣ್ಣೆಯಂಥ ಎಣ್ಣೆಗಳನ್ನು ಬಳಸಿ ಮಾಡಿರುತ್ತಾರೆ. ಈ ಎಣ್ಣೆಗಳ ಅಣುಗಳಲ್ಲಿ ಕೆಲವು ಕಡೆ ಎರಡೆರಡು ಕೊಂಡಿಯಿಂದ ಬೆಸೆದ ಇಂಗಾಲದ ಜೋಡಿಗಳಿವೆ. ಆಮ್ಲಜನಕ ಆ ಜಾಗವನ್ನು ಹುಡುಕಿಕೊಂಡು ಬಂದು ಪಕ್ಕದ ಅಣುವಿಗೆ ಹೊಸ ಕೊಂಡಿ ಹಾಕಿಸುತ್ತದೆ. ಹೀಗೆ ಕೊಂಡಿಗೆ ಕೊಂಡಿ ಸೇರಿ ಇಡೀ ಪದರ ಒಂದೇ ದೊಡ್ಡ ಬಲೆಯಾಗುತ್ತದೆ. ಹಾಗಾದ ಮೇಲೆ ಥಿನ್ನರ್ ಸುರಿದರೂ ಅದು ಮತ್ತೆ ಕರಗಿ ಮೊದಲಿನಂತೆ ಪೇಂಟಾಗುವುದಿಲ್ಲ.

ಕಾರ್ಖಾನೆಯಲ್ಲಿ ಬಣ್ಣ ಹೊಡೆದ ಖಾಲಿ ಕವಚವನ್ನು ದೊಡ್ಡ ಒಲೆಯೊಳಗೆ ಕಳಿಸಿ ಶಾಖದಿಂದಲೇ ಗಟ್ಟಿ ಮಾಡುತ್ತಾರೆ. ಮನೆಯಂಗಳದ ವ್ಯಾನಿನಲ್ಲಿ ಗಾಜು, ರಬ್ಬರು, ಪರದೆ, ಮರದ ಕಪಾಟು ಎಲ್ಲ ಇವೆ, ಒಲೆಗೆ ತಳ್ಳುವ ಹಾಗಿಲ್ಲ. ಗಾಳಿಯನ್ನೇ ನಂಬಬೇಕು. ಗಾಳಿಯೋ ಮೇಲಿನಿಂದ ಮಾತ್ರ ಬರುತ್ತದೆ. ಒಂದೇ ಸಲಕ್ಕೆ ದಪ್ಪ ಬಳಿದರೆ ಮೇಲ್ಗಡೆ ಮೊದಲು ಗಟ್ಟಿಯಾಗಿ, ಅಡಿಯಲ್ಲಿ ದ್ರವ ಉಳಿದು, ಬಿಸಿ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತದೆ. ಅದಕ್ಕೇ ತೆಳುವಾದ ಕೋಟುಗಳು, ನಡುನಡುವೆ ಒಂದೊಂದು ದಿನದ ಬಿಡುವು, ಮತ್ತೆ ವಾಟರ್ ಪೇಪರ್. ಮುಟ್ಟಿದರೆ ಅಂಟದಿದ್ದರೂ ಒಳಗಿನ ಬಲೆ ಪೂರ್ತಿಯಾಗಲು ವಾರಗಳು ಬೇಕು. ಅಲ್ಲಿಯವರೆಗೆ ಉಗುರು ಒತ್ತಿದರೆ ಗುರುತು ಉಳಿಯುತ್ತದೆ. ತಿಕ್ಕಿ ಪಾಲಿಷ್ ಮಾಡುವ ಆತುರವನ್ನೂ ತಡೆದುಕೊಳ್ಳಬೇಕು.

ವ್ಯಾನ್ ಇಲ್ಲದಿದ್ದರೂ ಎಣ್ಣೆ ಗಾಳಿಯಿಂದ ಗಟ್ಟಿಯಾಗುವುದನ್ನು ನೀವು ಮನೆಯಲ್ಲೇ ನೋಡಬಹುದು. ಉತ್ತರ ಕರ್ನಾಟಕದವರು ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಅಗಸೆ ಚಟ್ನಿಪುಡಿಯ ಅದೇ ಅಗಸೆ ಬೀಜದ ಎಣ್ಣೆ ಒಂದು ಹನಿ, ಕೊಬ್ಬರಿ ಎಣ್ಣೆ ಒಂದು ಹನಿ ತೆಗೆದುಕೊಳ್ಳಿ. ಎರಡು ಗಾಜಿನ ತುಣುಕುಗಳ ಮೇಲೆ ತೆಳ್ಳಗೆ ಹರಡಿ, ಗಾಳಿ ಬೆಳಕು ಬರುವ ಕಿಟಕಿಯಲ್ಲಿಡಿ. ಗಾಜಿನ ಅಂಚು ಕೊಯ್ಯದ ಹಾಗೆ ದೊಡ್ಡವರ ಕೈಯಲ್ಲಿ ಟೇಪ್ ಹಚ್ಚಿಸಿ. ದಿನಾ ಬೆರಳ ತುದಿಯಿಂದ ಮುಟ್ಟಿ ನೋಡುತ್ತಿರಿ. ಕೆಲವು ದಿನ ಏನೂ ಆಗದು, ಆಮೇಲೆ ಅಗಸೆ ಎಣ್ಣೆ ಜಿಗುಟಾಗುತ್ತದೆ, ಬರಬರುತ್ತಾ ಮೇಲೆ ತೆಳು ಚರ್ಮ ಕಟ್ಟುತ್ತದೆ. ಕೊಬ್ಬರಿ ಎಣ್ಣೆಯ ಅಣುಗಳಲ್ಲಿ ಎರಡು ಕೊಂಡಿಯ ಜೋಡಿಗಳು ತೀರ ಕಡಿಮೆ, ಅದು ಎಣ್ಣೆಯಾಗಿಯೇ ಇರುತ್ತದೆ.

ಒಂದು ಎಚ್ಚರಿಕೆ. ಆಮ್ಲಜನಕ ಸೇರುವಾಗ ಶಾಖ ಹುಟ್ಟುತ್ತದೆ. ಅಗಸೆ ಎಣ್ಣೆ ಅಥವಾ ಎನಾಮಲ್ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆಸೆದರೆ ಶಾಖ ಒಳಗೇ ಕೂಡಿಕೊಂಡು, ಯಾರೂ ಕಡ್ಡಿ ಗೀರದೆ ತಾನಾಗಿ ಬೆಂಕಿ ಹತ್ತಬಹುದು. ಪ್ರಯೋಗ ಮಾಡಿ ಕೈ ಒರೆಸಿದ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಮನೆಯ ಹೊರಗೆ ಅಗಲವಾಗಿ ಹರಡಿ ಒಣಗಿಸಿ.