ಶ್ರೀಮತಿ ಚಿಂದೋಡಿ ಲೀಲಾ ಅವರ ಕಲಾಜೀವನ



ನಟನ ನರ್ತನಗಳನ್ನು ಕುರಿತು ಆಕಾಶವಾಣಿಯಲ್ಲಿ ಮಾತನಾಡಹೊರಟವರಿಗೆ ಒಂದು ತೊಡಕುಂಟು. ಹಾಡನ್ನಾದರೆ ಕೇಳಿಸಬಹುದು, ಕುಣಿತವನ್ನು ಕಾಣಿಸುವುದೆಂತು? ಆದರೆ ದಾವಣಗೆರೆಯ ಶ್ರೀಮತಿ ಚಿಂದೋಡಿ ಲೀಲಾ ಅವರ ವಿಷಯದಲ್ಲಿ ಈ ತೊಡಕು ನಮ್ಮೊಬ್ಬರದೇ ಅಲ್ಲ. ಅವರ ಕಲೆಯ ಬಹುಭಾಗವು ಈಗ ಯಾರ ಕಣ್ಣಿಗೂ ಕಾಣದಂತಾಗಿದೆ.

ದಾವಣಗೆರೆಯು ಅರಳೆಯ ಊರು, ಗಿರಣಿಗಳ ಊರು ಎಂದು ಹೆಸರಾಗಿದ್ದಿತು. ಆ ಊರಿನ ಚಿಂದೋಡಿ ವೀರಪ್ಪನವರ ಮಂಡಲಿಗೆ ಗುರು ಕರಿಬಸವರ ಹೆಸರು. ಜನರ ಬಾಯಲ್ಲಿ ಕೆ.ಬಿ.ಆರ್. ಕಂಪನಿ. ಕರಿಬಸವೇಶ್ವರರೆಂದರೆ ಆ ಸೀಮೆಯವರಿಗೆ ಮನೆಯ ಹಿರಿಯರಿದ್ದಂತೆ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ, ತುಂಗಭದ್ರೆಯ ದಡದಲ್ಲಿ, ಅವರ ಗದ್ದುಗೆಯುಂಟು. ಲೀಲಾ ಅವರು ಬೆಳೆದುದು ಈ ಮಂಡಲಿಯ ರಂಗದ ಮೇಲೆ.

ಕಂಪನಿಯ ನಟಿಗೆ ಅಭಿನಯವೊಂದೇ ಸಾಲದು. ಕಾಲು ಹಾರ್ಮೋನಿಯಮ್ಮಿನ ಶ್ರುತಿಗೆ ಹಾಡಬೇಕು, ತಬಲದ ಗತಿಗೆ ಕುಣಿಯಬೇಕು, ಕುಣಿದ ಉಸಿರು ಆರುವ ಮೊದಲೇ ಮಾತನ್ನು ಕಡೆಯ ಸಾಲಿನವನ ಕಿವಿಗೆ ಮುಟ್ಟಿಸಬೇಕು. ಬೆಳಗಾದರೆ ಮತ್ತೆ ಅದೇ ಪಾತ್ರ. ತಿಂಗಳುಗಳು ಕಳೆದರೆ ಬೇರೊಂದು ಊರು. ನಟಿಯೆಂದರೆ ಗೃಹಸ್ಥರು ಮೂಗುಮುರಿಯುತ್ತಿದ್ದ ಕಾಲವೂ ಅದೇ. ರಾತ್ರಿ ಚಪ್ಪಾಳೆ ತಟ್ಟಿದವರೇ ಹಗಲಿನಲ್ಲಿ ಅಂಥವರಿಗೆ ಮನೆಯನ್ನು ಬಾಡಿಗೆಗೆ ಕೊಡಲು ಹಿಂಜರಿಯುತ್ತಿದ್ದರು.

ಕನ್ನಡ ಚಿತ್ರರಂಗವು ನಾಟಕದ ಮಗು. 1934ರ ‘ಸತಿ ಸುಲೋಚನ’ದಲ್ಲಿ ಮಾತನಾಡಿದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ರಂಗದಿಂದ ಬಂದವರು. ಲೀಲಾ ಅವರೂ ಅದೇ ದಾರಿಯಲ್ಲಿ ತೆರೆಗೆ ಬಂದರು. 1971ರ ‘ಶರಪಂಜರ’ದಲ್ಲಿ ಅವರನ್ನು ಕಾಣಬಹುದು. ರಂಗದಲ್ಲಿ ಗುಣವಾದುದು ಅಲ್ಲಿ ದೋಷವಾದೀತು. ಕ್ಯಾಮೆರಾ ಮೊಗದ ಹತ್ತಿರಕ್ಕೇ ಬರುವುದರಿಂದ ಎತ್ತಿದ ದನಿಯನ್ನು ಇಳಿಸಬೇಕು, ಬೀಸಿದ ಕೈಯನ್ನು ಹಿಡಿಯಬೇಕು. ಅನೇಕರು ತೆರೆಯನ್ನು ಸೇರಿ ರಂಗವನ್ನು ಮರೆತರು. ಲೀಲಾ ಅವರು ಮರೆಯಲಿಲ್ಲ. ತೆರೆಯ ಕೀರ್ತಿಯನ್ನೂ ಕಂಪನಿಯ ಹೊರೆಯನ್ನೂ ಒಟ್ಟಿಗೆ ಹೊತ್ತರು.

1988ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಹಿಂದೆ ಮೂಗುಮುರಿದ ಸಮಾಜವೇ ತಲೆಬಾಗಿತು, ಸಂತೋಷ. ಆದರೆ ನಗರವಾಸಿಗಳಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಒಂದು ಮಾತುಂಟು. ಬಿರುದಿಗೆ ಕೈತಟ್ಟಿದ ನಾವು, ಕಂಪನಿಯ ಡೇರೆಗೆ ಎಷ್ಟು ಸಲ ಟಿಕೆಟ್ಟು ಕೊಂಡು ಹೋದೆವು? ನಟಿಗೆ ಅನ್ನವಿಕ್ಕುವುದು ಶಾಲುಹಾರಗಳಲ್ಲ, ತುಂಬಿದ ಬೆಂಚುಗಳು.

2010ರ ಜನವರಿಯಲ್ಲಿ ಲೀಲಾ ಅವರು ತೀರಿಕೊಂಡರು. ಚಿತ್ರದ ಸುರುಳಿಗಳಲ್ಲಿ ಅವರ ಕೆಲವು ಗಳಿಗೆಗಳು ಉಳಿದಿವೆ. ಸಾವಿರಾರು ಇರುಳುಗಳ ರಂಗಾಭಿನಯವು ನೋಡಿದವರ ನೆನಪಿನೊಡನೆ ಕರಗುತ್ತಲಿದೆ.

ಹರಿಹರದಲ್ಲಿ 1224ರಲ್ಲಿ ಹೊಯ್ಸಳರ ಮಂತ್ರಿ ಪೋಲಾಳ್ವನು ಕಟ್ಟಿಸಿದ ದೇವಾಲಯದಲ್ಲಿ ಒಂದೇ ಮೂರ್ತಿಯ ಅರ್ಧಭಾಗ ಹರಿ, ಅರ್ಧಭಾಗ ಹರ. ಒಂದಕ್ಕೆ ಮಾತ್ರ ಕೈಮುಗಿದು ಬರುವುದು ಅಲ್ಲಿ ಸಾಧ್ಯವಿಲ್ಲ. ಈ ಕಲಾವಿದೆಯ ತೆರೆಯ ಭಾಗವನ್ನು ಯಂತ್ರವು ಕಾಪಾಡಿತು. ರಂಗದ ಭಾಗವನ್ನು ಕಾಪಾಡತಕ್ಕವರು ಕಂಡವರು, ಕೇಳಿದವರು. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಆ ನಾಟಕಗಳನ್ನು ನೋಡಿದ್ದರೆ, ಇಂದೇ ಬಳಿಯಲ್ಲಿ ಕುಳಿತು ಕೇಳಿರಿ, ಬರೆದಿಡಿರಿ.